ಆಕ್ಸಿಜನ್ ನೂರು ಮಾಡಹೋದ ಆಷಾಢ

ಆಯುಧಪೂಜೆಯ ದಿನ ನಮ್ಮ ಭಾವಿಕೇರಿಯ ಮನೆಯಲ್ಲಿ ಪೂಜೆಗೆ ಇಡುವ ಸಾಮಾನುಗಳು ಇಷ್ಟು: ಎರಡು ಕತ್ತಿ, ಒಂದು ಹಾರೆ, ಕಾಯಿ ಹೆರೆಯುವ ಮಣೆ, ಮಿಕ್ಸಿ, ನಮ್ಮ ಯಜಮಾನರ ಹಳೆಯ ಕಟಿಂಗ್ ಪ್ಲೈಯರ್, ಸ್ಕೂಟರಿನ ಕೀಲಿಕೈ, ಮತ್ತು ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಕ್ಲಿಪ್ಪು. ಕೊನೆಯದನ್ನು ಕಂಡವರು ನಗುತ್ತಾರೆ. ನಗಲಿ. ಕತ್ತಿಯಿಂದ ಅನ್ನ ಉಂಡಂತೆಯೇ ಅದರಿಂದಲೂ ನಮ್ಮ ಮನೆಗೆ ಉಪಕಾರವಾಗಿದೆ. ಕತ್ತಿಯಿಂದ ಕೈ ಕೊಯ್ದುಕೊಂಡಂತೆ ಅದರಿಂದ ನನಗೆ ಪೆಟ್ಟೂ ಆಗಿದೆ.

ಈ ಸಲ ಅದನ್ನು ದೇವರ ಕಪಾಟಿನಿಂದ ತೆಗೆದಾಗ ಹೋದ ವರ್ಷದ ಕುಂಕುಮ ಗಾಜಿಗೆ ಅಂಟಿಕೊಂಡಿತ್ತು. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಪಕ್ಕದಲ್ಲಿ ಮಳೆಗೆ ನೆಂದ ಮಲ್ಲಿಗೆ ಇತ್ತು. ಸ್ಪಿರಿಟ್ಟು, ಒದ್ದೆ ಹೂವು, ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ನಾನು ಕಾರವಾರದ ಆಸ್ಪತ್ರೆಯ ಎಳೆಮಕ್ಕಳ ವಾರ್ಡಿನಲ್ಲಿದ್ದೆ. ಆ ಆಷಾಢದ ಸಂಗತಿಯನ್ನು ಇದುವರೆಗೆ ಬಾಯಿಬಿಟ್ಟು ಹೇಳಿದ್ದು ಇಬ್ಬರಿಗೆ ಮಾತ್ರ. ಬರೆದಿಟ್ಟರೆ ಬೇರೆ ಅಜ್ಜಿಯರಿಗೆ ಉಪಯೋಗವಾದೀತು ಎಂದು ಈಗ ಬರೆಯುತ್ತಿದ್ದೇನೆ.

ಮೊದಲು ಅದರ ಹಿಂದಿನ ವರ್ಷದ ಮಾತು ಹೇಳಬೇಕು. ನಮ್ಮ ಯಜಮಾನರು ಕರೆಂಟಿನ ಲೈನ್‌ಮನ್ ಆಗಿ ನಿವೃತ್ತರಾದವರು. ಕೊರೊನಾ ಬಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಹಾಸಿಗೆ ನಲವತ್ತು, ಸಿಸ್ಟರು ಇಬ್ಬರು. ಗೋಡೆಯ ಮೇಲೆ ನೀರು ಗುಳುಗುಳು ಎನ್ನುವ ಒಂದು ಸಣ್ಣ ಬಾಟಲಿ, ಅದರ ಮೇಲೆ ಗಾಜಿನ ನಳಿಗೆ, ಅದರೊಳಗೆ ಒಂದು ಗುಂಡು, ಪಕ್ಕದಲ್ಲಿ ಒಂದು ತಿರುಪು. ಸಿಸ್ಟರು ನನಗೆ ತೋರಿಸಿ ಹೇಳಿದ್ದರು: "ಕ್ಲಿಪ್ಪಿನಲ್ಲಿ ತೊಂಬತ್ನಾಲ್ಕಕ್ಕಿಂತ ಕೆಳಗೆ ಬಂದ್ರೆ ಇದನ್ನ ಸ್ವಲ್ಪ ತಿರುಗ್ಸಿ. ನಮ್ಮನ್ನ ಕಾಯ್ತಾ ಕೂರಬೇಡಿ." ನಾನು ತಿರುಗಿಸಿದೆ. ಗುಂಡು ಮೇಲೇರಿತು, ನಂಬರು ಮೇಲೇರಿತು, ಇವರು ಮನೆಗೆ ಬಂದರು. ಆ ಹನ್ನೊಂದು ದಿನದಲ್ಲಿ ನಾನು ಕಲಿತದ್ದು ಇಷ್ಟೇ: ನಂಬರು ಇಳಿದರೆ ತಿರುಪು ತಿರುಗಿಸಬೇಕು, ತಿರುಗಿಸಿದರೆ ಜೀವ ಉಳಿಯುತ್ತದೆ. ದೇವರ ತೀರ್ಥದ ಹಾಗೆ ಅದು ಹೆಚ್ಚಾದರೂ ಕೆಡುಕಿಲ್ಲ ಎಂದುಕೊಂಡಿದ್ದೆ.

ಮರುವರ್ಷ ಮಗಳು ಶುಭಾ ಚೊಚ್ಚಲ ಹೆರಿಗೆಗೆ ಬಂದಳು. ಅವಳ ಗಂಡನ ಮನೆ ಸದಾಶಿವಗಡ. ಅಳಿಯನಿಗೆ ಅಲ್ಲೇ ಚಿಕ್ಕ ಅಂಗಡಿ. ಎಂಟು ತಿಂಗಳು ತುಂಬಲು ಇನ್ನೂ ದಿನ ಬಾಕಿ ಇತ್ತು. ಆಷಾಢದ ಒಂದು ಬೆಳಿಗ್ಗೆ ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದು ನಿಂತವಳು, "ಆಯೀ, ನೀರು ಹೋಯ್ತು" ಎಂದಳು. ಹೊರಗೆ ಮಳೆ ಎಷ್ಟಿತ್ತೆಂದರೆ ಅವಳು ಯಾವ ನೀರಿನ ಮಾತು ಹೇಳುತ್ತಿದ್ದಾಳೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು.

ಆಂಬುಲೆನ್ಸ್ ಕಾಲು ಗಂಟೆಯಲ್ಲಿ ಬಂತು. ಅದು ಮೊದಲನೆಯ ಕೃಪೆ. ಅಂಕೋಲೆಯ ಆಸ್ಪತ್ರೆಯಲ್ಲಿ ನೋಡಿ, ಮಗು ಸಣ್ಣದಿದೆ, ಕಾರವಾರಕ್ಕೇ ಹೋಗಿ ಎಂದರು. ಅವರ್ಸಾ ದಾಟಿದ ಮೇಲೆ ಕಿಟಕಿಯಲ್ಲಿ ಮಳೆ ಬಿಟ್ಟರೆ ಏನೂ ಕಾಣಲಿಲ್ಲ. ತೋಡೂರಿನ ಹತ್ತಿರ ರಸ್ತೆಯ ಮೇಲೆ ಗುಡ್ಡದ ಕೆಂಪು ನೀರು ಹರಿಯುತ್ತಿತ್ತು. ಡ್ರೈವರು ಗಾಡಿ ನಿಲ್ಲಿಸಿ, ಇಳಿದು, ಕಾಲಿನಿಂದಲೇ ಆಳ ನೋಡಿ ಮತ್ತೆ ಹತ್ತಿದ. ಅದು ಎರಡನೆಯದು. ನನಗೆ ಹೀಗೆ ಎಣಿಸುವ ಚಟ ಇದೆ. ದೊಡ್ಡದನ್ನು ಬೇಡುವ ಧೈರ್ಯ ನನಗಿಲ್ಲ, ಸಿಕ್ಕಿದ ಸಣ್ಣದನ್ನು ಮರೆಯುವುದೂ ಇಲ್ಲ.

ಹೆರಿಗೆ ಕೋಣೆಗೆ ಜೊತೆಗೊಬ್ಬ ಹೆಂಗಸನ್ನು ಬಿಡುತ್ತಾರೆ, ನನ್ನನ್ನು ಬಿಟ್ಟರು. ಮಧ್ಯಾಹ್ನ ಎರಡರ ಸುಮಾರಿಗೆ ಮಗು ಬಂತು. ಹೆಣ್ಣು. ಅಳಲಿಲ್ಲ. ಮೈ ನೇರಳೆ ಬಣ್ಣ, ಕೈಕಾಲು ನೆಂದ ಬಟ್ಟೆಯ ಹಾಗೆ. ಅಲ್ಲಿದ್ದ ಸಿಸ್ಟರ ಹೆಸರು ರೋಹಿಣಿ. ಅವರೂ ಸದಾಶಿವಗಡದವರೇ, ಮನೆಮಾತು ಕೊಂಕಣಿ. ಮಗುವನ್ನು ಬೆಚ್ಚಗಿನ ದೀಪದ ಕೆಳಗಿಟ್ಟು ಒರೆಸಿದರು, ಬೆನ್ನು ಉಜ್ಜಿದರು. ಆಗಲೂ ಅಳಲಿಲ್ಲ. ಅಂಗೈಯಗಲದ ಮಾಸ್ಕನ್ನು ಮೂಗು ಬಾಯಿಗೆ ಒತ್ತಿ ಹಿಡಿದು, ಅದಕ್ಕೆ ಜೋಡಿಸಿದ ರಬ್ಬರ್ ಚೀಲವನ್ನು ಒತ್ತತೊಡಗಿದರು. ಪಕ್ಕದಲ್ಲೇ ಆಕ್ಸಿಜನ್ ಸಿಲಿಂಡರು ಇತ್ತು. ಅದರ ಪೈಪು ಚೀಲಕ್ಕೆ ಜೋಡಿಸಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಸಿಸ್ಟರೇ, ಆಕ್ಸಿಜನ್ ಹಚ್ಚಿ! ಸಿಲಿಂಡರು ಅಲ್ಲೇ ಅದೆ, ಕಾಣೂದಿಲ್ವಾ ನಿಮ್ಗೆ?"

"ಮಾವಶೀ, ಸುಮ್ನೆ ದೇವ್ರ ಹೆಸ್ರು ಹೇಳಿ," ಎಂದರು ಅವರು, ಕಣ್ಣು ಮಗುವಿನ ಎದೆಯ ಮೇಲಿಟ್ಟೇ. ಕಾರವಾರದ ಕಡೆ ಹಿರಿಯ ಹೆಂಗಸರನ್ನು ಹಾಗೆಯೇ ಕರೆಯುವುದು. "ಮಗೂಗೆ ಈಗ ಬೇಕಾದದ್ದು ಗಾಳಿ. ಶ್ವಾಸಕೋಶ ತೆರೀಬೇಕು. ಈ ರೂಮಿನ ಗಾಳಿನೇ ಸಾಕು."

"ಮಗು ಕಪ್ಪಗೆ ಅದೆ!"

"ಎಲ್ಲಾ ಮಕ್ಳೂ ಹಾಗೇ ಬರೂದು. ಕೆಂಪಾಗೂಕೆ ಸ್ವಲ್ಪ ಹೊತ್ತು ಬೇಕು. ನಿಮ್ಗೆ ಅವಸರ ಅಂತ ಮಗೂಗೆ ಅವಸರ ಇಲ್ಲ."

ಅವರು ಚೀಲ ಒತ್ತುತ್ತಿದ್ದುದು ಎರಡು ಬೆರಳಿನಿಂದ. ಒತ್ತಿ ಬಿಡುವುದು, ಒತ್ತಿ ಬಿಡುವುದು. ಹಸಿ ಕಟ್ಟಿಗೆಯ ಒಲೆಗೆ ನಾವು ಊದುಗೊಳವೆಯಿಂದ ಊದುವುದಿಲ್ಲವೇ, ಕಿಡಿ ಆರದ ಹಾಗೆ, ಬೂದಿ ಹಾರದ ಹಾಗೆ, ಅದೇ ಹದ. ನಾನು ಶಾಂತಾದುರ್ಗೆಯನ್ನು ನೆನೆದೆ. ಆ ಪುಟ್ಟ ಎದೆ ಏಳುವುದು ಕಂಡಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸ್ವರ. ಶುಭಾ ಮಲಗಿದಲ್ಲಿಂದಲೇ, "ಆಯೀ, ಅದು ನಮ್ದೇ ಅಲ್ವಾ?" ಎಂದು ಕೇಳಿದಳು. ಮೂರನೆಯ ಕೃಪೆ. ಆದರೆ ಖರೆ ಹೇಳುತ್ತೇನೆ, ಆಗಲೂ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಕೊಂಕು ಉಳಿದಿತ್ತು. ಇಷ್ಟು ದೊಡ್ಡ ಸಿಲಿಂಡರು ಇಟ್ಟುಕೊಂಡು ಇವರು ಕಂಜೂಸಿತನ ಮಾಡಿದರು ಎಂದು.

ಮಗು ಎರಡು ಕಿಲೋಕ್ಕೆ ಕಡಿಮೆ ಇತ್ತು. ಉಸಿರಾಟ ಇನ್ನೂ ಬಿಗಿ ಎಂದು ಎಳೆಮಕ್ಕಳ ವಾರ್ಡಿನಲ್ಲಿಟ್ಟರು. ಮೂಗಿಗೆ ದಾರದಂಥ ನಳಿಗೆ ಹಾಕಿ ಸ್ವಲ್ಪ ಆಕ್ಸಿಜನ್ ಕೊಟ್ಟರು. ಪಾದಕ್ಕೆ ಕೆಂಪು ದೀಪದ ಪಟ್ಟಿ, ಪಕ್ಕದಲ್ಲಿ ನಂಬರು ತೋರಿಸುವ ಪರದೆ. ಮೂರನೆಯ ದಿನ ಶುಭಾಗೆ ಜ್ವರ ಬಂದು ಏಳಲಾಗಲಿಲ್ಲ. ಅಮ್ಮನ ಬದಲು ಅಜ್ಜಿ ಮಗುವನ್ನು ಎದೆಗೆ ಕಟ್ಟಿಕೊಂಡು ಕೂರಬಹುದು, ಮೈ ಬಿಸಿಗೆ ಮಗು ಚಿಗುರುತ್ತದೆ ಎಂದರು. ರವಿಕೆ ಸಡಿಲಿಸಿ ಮಗುವನ್ನು ಬರಿ ಎದೆಗೆ ಒರಗಿಸಿ ಮೇಲೆ ಬಟ್ಟೆ ಕಟ್ಟಿದರು. ನನ್ನ ಎರಡೂ ಕೈ ಖಾಲಿ ಉಳಿದವು. ಖಾಲಿ ಕೈಗೆ ಏನು ಮಾಡಲಿ, ಜಪಮಾಲೆ ತೆಗೆದೆ.

ಪರದೆಯಲ್ಲಿ ತೊಂಬತ್ತೊಂದು ಇತ್ತು. ಒಮ್ಮೆ ತೊಂಬತ್ತೆರಡಾಗುವುದು, ಮತ್ತೆ ತೊಂಬತ್ತೊಂದು. ತೊಂಬತ್ನಾಲ್ಕರ ಕೆಳಗೆ! ಆ ಹೊತ್ತಿಗೆ ಬಾಗಿಲಲ್ಲಿ ಇನ್ನೊಂದು ಮಗುವನ್ನು ತಂದರು, ಆ ದಿನ ಅಲ್ಲಿ ಪಾಳಿಯಲ್ಲಿದ್ದ ರೋಹಿಣಿ ಸಿಸ್ಟರು ಅತ್ತ ಓಡಿದರು. ಗೋಡೆಯ ಮೇಲೆ ಅದೇ ಬಾಟಲಿ, ಅದೇ ಗಾಜಿನ ನಳಿಗೆ, ಅದೇ ತಿರುಪು. ಗುಂಡು ತಳದ ಹತ್ತಿರವೇ ಇತ್ತು. ಕೈ ಚಾಚಿದರೆ ಎಟಕುತ್ತಿತ್ತು. ಯಾರನ್ನೂ ಕೇಳಲಿಲ್ಲ, ಹನ್ನೊಂದು ದಿನ ಕಲಿತ ಕೈ ತಾನಾಗಿ ಹೋಯಿತು. ತಿರುಗಿಸಿದೆ. ಗುಂಡು ಎದ್ದಿತು. ತೊಂಬತ್ತಾರು. ತೊಂಬತ್ತೆಂಟು. ನೂರು. ನೂರಕ್ಕೆ ನೂರು!

ಜಪಕ್ಕೆ ಕುಳಿತೆ. ನಡುವೆ ಯಾವುದೋ ಮಿಷನ್ನು ಟುಂಯ್ ಟುಂಯ್ ಎಂದು ಕೂಗುತ್ತಿತ್ತು. ನೂರು ತೋರಿಸುವ ಮಿಷನ್ನು ಯಾಕೆ ಕೂಗುತ್ತದೆ, ಇದು ಪಕ್ಕದ ಮಗುವಿನದಿರಬೇಕು, ಪಾಪ, ಎಂದುಕೊಂಡು ಆ ಮಗುವಿನ ಹೆಸರಿನಲ್ಲೂ ನಾಲ್ಕು ಮಣಿ ಜಪ ಮಾಡಿದೆ. ಎರಡು ಸುತ್ತು ಮುಗಿಯುವ ಹೊತ್ತಿಗೆ ರೋಹಿಣಿ ಸಿಸ್ಟರು ಬಂದರು. ಪರದೆ ನೋಡಿದರು, ಗೋಡೆ ನೋಡಿದರು, ಮೊದಲು ತಿರುಪು ಹಿಂದಕ್ಕೆ ತಿರುಗಿಸಿದರು.

"ಇದು ಯಾರು ತಿರುಗ್ಸಿದ್ದು?"

"ನಾನೇ. ತೊಂಬತ್ತೊಂದಕ್ಕೆ ಇಳ್ದಿತ್ತು. ಈಗ ನೋಡಿ, ನೂರು!"

"ಇಳ್ದಿರ್ಲಿಲ್ಲ ಮಾವಶೀ. ನಾವೇ ಅಲ್ಲಿ ಇಟ್ಟದ್ದು. ತೊಂಬತ್ತರಿಂದ ತೊಂಬತ್ತೈದು, ಅದ್ರ ನಡುವೆ ಇರ್ಬೇಕು ಅಂತ. ಮೇಲೆ ಹೋಯ್ತು ಅಂತಲೇ ಮಿಷನ್ ಕೂಗ್ತಾ ಇತ್ತು. ಎಷ್ಟೊತ್ತಾಯ್ತು?"

"ಎರಡು ಸುತ್ತು ಜಪ ಆಯ್ತು."

"ಜಪದ ಲೆಕ್ಕ ನಂಗೆ ಬರೂದಿಲ್ಲ. ನಿಮಿಷ ಹೇಳಿ."

"ಒಂದು ಸುತ್ತಿಗೆ ಹತ್ತು ನಿಮಿಷ ಹಿಡೀತದೆ."

ಅವರು ಹಾಸಿಗೆಗೆ ತೂಗುಹಾಕಿದ ಕಾಗದದಲ್ಲಿ ಬರೆದರು: ಇಪ್ಪತ್ತು ನಿಮಿಷ. "ಸಿಸ್ಟರೇ, ಮಗಳಿಗೆ ಗೊತ್ತಾದ್ರೆ..." ಎಂದು ಶುರು ಮಾಡಿದೆ.

"ಬರೀದೇ ಇದ್ರೆ ನಾಳೆ ಡಾಕ್ಟ್ರು ಎಂತ ನೋಡಿ ಮದ್ದು ಮಾಡೂದು? ಕಾಗದಕ್ಕೆ ಹೇಳೂದು ನನ್ನ ಕೆಲ್ಸ. ಮಗಳಿಗೆ ಹೇಳೂದು ನಿಮ್ದು."

ಸಂಜೆಗೆ ಡಾಕ್ಟರು ಬಂದರು. ಧಾರವಾಡದ ಕಡೆಯ ಹುಡುಗಿ, ನನ್ನ ಶುಭಾಗಿಂತ ನಾಲ್ಕು ವರ್ಷ ದೊಡ್ಡವಳಿದ್ದಾಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತಿದ್ದೆ. "ಕೂಡ್ರಿ ಅಜ್ಜಿ" ಎಂದು ಸ್ಟೂಲು ಎಳೆದಳು.

"ಈ ಕೂಸು ಹೊಟ್ಟಿಯೊಳಗ ಇದ್ದಾಗ ಈ ಮಿಷನ್ ಹಚ್ಚಿದ್ರ ಅರವತ್ತರ ಸುಮಾರು ತೋರಸ್ತಿತ್ತು. ಅಷ್ಟರಾಗ ಬೆಳದು ಬಂದದ. ಹುಟ್ಟಿದ ಮ್ಯಾಲೆ ಹತ್ತು ನಿಮಿಷದಾಗ ಸಾವಕಾಶ ಏರತದ. ಅದಕ್ಕ ಅವತ್ತು ಸಿಸ್ಟರು ಬರೇ ಗಾಳಿ ಕೊಟ್ಟಿದ್ದು. ಅದರಿಂದಾಗದಿದ್ರ ಆಗ ಆಕ್ಸಿಜನ್ ಕೂಡಸ್ತಿದ್ರು, ಅದೂ ಎಷ್ಟು ಬೇಕೋ ಅಷ್ಟ."

"ಹೋದ ವರ್ಷ ಕೊರೊನಾದಲ್ಲಿ ನಮ್ಮ ಯಜಮಾನ್ರಿಗೆ ಹೆಚ್ಚು ಕೊಟ್ಟೇ ಉಳಿಸಿದ್ದಲ್ವಾ ಡಾಕ್ಟ್ರೇ?"

"ಅವರು ದೊಡ್ಡವರು. ನಿಮ್ಮ ಮನಿ ಕಿಟಕಿ ಸರಳು ತುಕ್ಕು ಹಿಡದಾವೇನು?"

"ಸಮುದ್ರದ ಗಾಳಿ ಅಲ್ವಾ. ಹಿಡೀದೆ ಬಿಡ್ತದಾ?"

"ಅದನ್ನ ಮಾಡೂದೂ ಆಕ್ಸಿಜನ್ನೇ. ಜೀವ ಉಳಸೂದೂ ಅದೇ. ಆ ತುಕ್ಕು ತಡಿಯೋ ಶಕ್ತಿ ದೊಡ್ಡವರ ಮೈಯಾಗ ಇರತದ, ದಿನ ತುಂಬದ ಕೂಸಿಗೆ ಇನ್ನೂ ಬಂದಿರೂದಿಲ್ಲ. ಅದರಾಗ ಹುಟ್ಟುವಾಗ ಸ್ವಲ್ಪ ಹೊತ್ತು ಉಸಿರಿಲ್ಲದ ಬಳಲಿದ ಮೆದುಳು. ಅದಕ್ಕ ಒಮ್ಮೆಲೇ ಹೆಚ್ಚು ಬಂದ್ರ ಅದರಿಂದನ ಪೆಟ್ಟಾಗಬಹುದು. ಕಣ್ಣಿಗೂ ಆಗಬಹುದು. ಇನ್ನೊಂದು ಮಾತು ಅಜ್ಜಿ. ತೊಂಬತ್ತು, ತೊಂಬತ್ತೈದು ಅಂದ್ರ ಕೊಡದಾಗ ನೀರು ಎಲ್ಲಿ ತನಕ ಅದ ಅಂತ ನಮಗ ಕಾಣತದ. ನೂರು ಅಂದ್ರ ಕೊಡ ತುಂಬೇದ ಅಂತ ಅಷ್ಟ. ಮ್ಯಾಲ ಎಷ್ಟು ಚೆಲ್ಲಾಕ್ಹತ್ತದ ಅನ್ನೂದು ಮಿಷನ್ನಿಗೂ ಗೊತ್ತಾಗೂದಿಲ್ಲ."

"ಹಾಗಾದ್ರೆ ನಮ್ಮ ಮಗು?"

"ಇಪ್ಪತ್ತು ನಿಮಿಷಕ್ಕ ಬಹುಶಃ ಏನೂ ಆಗಿರೂದಿಲ್ಲ. ಆದ್ರ ಆಗಿಲ್ಲ ಅಂತ ಇವತ್ತ ಬರದು ಕೊಡಾಕ ಬರೂದಿಲ್ಲ. ತಿಂಗಳಿಗೆ ಕಣ್ಣು ನೋಡೋಣು. ಆಮ್ಯಾಲ ಕುತ್ತಿಗಿ ನಿಲ್ಲೂದು, ಕೂಡೂದು, ನಡಿಯೂದು, ಮಾತು. ಕಾಯಬೇಕು."

ಬಹುಶಃ. ಆ ಒಂದು ಶಬ್ದವನ್ನು ನಾನು ಒಂದೂವರೆ ವರ್ಷ ಬಾಯಲ್ಲಿಟ್ಟುಕೊಂಡು ತಿರುಗಿದೆ.

ಮಗು ದಿನದಿನಕ್ಕೆ ಸುಧಾರಿಸಿ, ನಳಿಗೆ ತೆಗೆದು, ಹದಿನೆಂಟನೆಯ ದಿನ ಮನೆಗೆ ಬಂತು. ಅವನಿ ಎಂದು ಹೆಸರಿಟ್ಟರು. ಯಜಮಾನರಿಗೆ ಮಾತ್ರ ವಿಷಯ ಹೇಳಿದೆ. ಅವರು, "ನನ್ನ ಮೇಲೆ ಕಲ್ತ ವಿದ್ಯೆ ನೀನು ಮಗೂ ಮೇಲೆ ಮಾಡ್ದೆ. ತಪ್ಪು ನಂದೂ ಅದೆ. ನಾ ಅವತ್ತೇ ಹೋಗಿಬಿಟ್ಟಿದ್ರೆ ಈ ತಾಪತ್ರಯ ಇರ್ತಿರ್ಲಿಲ್ಲ," ಎಂದರು.

"ನಿಮ್ಮ ಹಾಳು ಬಾಯಿ!" ಎಂದೆ. ಆದರೂ ಮನಸ್ಸು ಸ್ವಲ್ಪ ಹಗುರಾಯಿತು.

ತಿಂಗಳಿಗೆ ಕಾರವಾರದಲ್ಲಿ ಕಣ್ಣು ನೋಡಿದರು. ಮದ್ದಿನ ಹನಿ ಹಾಕಿ, ರೆಪ್ಪೆ ಅಗಲಿಸಿ, ದೀಪ ಬಿಟ್ಟು. ಮಗು ಕೂಗಿದ್ದು ಬಾಗಿಲಾಚೆ ನನ್ನ ಕರುಳಿಗೆ ಕೇಳಿತು. ಕಣ್ಣಿನ ಡಾಕ್ಟರು ಹೊರಗೆ ಬಂದು, ಎರಡೂ ಕಣ್ಣು ಚೆನ್ನಾಗಿವೆ ಎಂದರು. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಬಸ್ ಸ್ಟ್ಯಾಂಡಿನಲ್ಲಿ ಅಂಕೋಲೆ ಬಸ್ಸಿಗೆ ಕಾಯುತ್ತಾ ಶುಭಾ ನನ್ನ ಹೆಗಲಿಗೆ ಒರಗಿ, "ಆಯೀ, ನೀ ಎದೆಗೆ ಕಟ್ಕೊಂಡು ಕೂತದ್ದಕ್ಕೇ ಇವಳು ಉಳ್ದದ್ದು," ಎಂದಳು. ಆ ಮಾತು ನನಗೆ ದಕ್ಕಲಿಲ್ಲ. ದೇವರ ಮುಂದೆ ಅದನ್ನು ಹೊತ್ತುಕೊಂಡು ಹೋಗಿ ನಿಲ್ಲುವುದು ಹೇಗೆ? ಎಲ್ಲ ಹೇಳಿದೆ. ತಿರುಪು, ನೂರು, ಎರಡು ಸುತ್ತು ಜಪ, ಬಹುಶಃ.

ಶುಭಾ ಹೆಗಲಿನಿಂದ ತಲೆ ತೆಗೆದಳು. ಬಸ್ಸು ಬಂತು, ಹತ್ತಿದೆವು. ಬಿಣಗಾ ದಾಟಿದ ಮೇಲೆ ಒಂದೇ ಒಂದು ಮಾತು ಕೇಳಿದಳು. "ಸಿಸ್ಟರು ಅಲ್ಲೇ ಇದ್ರಲ್ಲ. ಒಂದು ಮಾತು ಕೇಳೂಕೆ ಎಂತಾಗಿತ್ತು ನಿಂಗೆ?"

 

ಮರುದಿನದಿಂದ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವುದನ್ನು ಅವಳೇ ಶುರು ಮಾಡಿದಳು. ನಮ್ಮಲ್ಲಿ ಅದು ಅಜ್ಜಿಯ ಕೆಲಸ. ಕಾಲು ನೀಡಿ ಮಣೆಯ ಮೇಲೆ ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ಮೀಯಿಸುವುದು ಹೆತ್ತು ತಿಂಗಳಾದವಳಿಗೆ ಸುಲಭವಲ್ಲ. ಬಚ್ಚಲಿನಲ್ಲಿ ಮಗು ಹೋ ಎಂದು ಅಳುವುದು, ಶುಭಾ "ಆಯ್ತು ಆಯ್ತು" ಎನ್ನುವುದು, ನಾನು ಹೊರಗೆ ನೀರಿನ ಒಲೆಗೆ ತೆಂಗಿನ ಸಿಪ್ಪೆ ದೂಡುತ್ತಾ ಕೂರುವುದು. ಎಂಟು ದಿನ ಹೀಗೇ. ನೀರು ಕಾಯಿಸಲು ಬಿಟ್ಟಿದ್ದಳಲ್ಲ, ಅದನ್ನೇ ಆ ದಿನಗಳ ಕೃಪೆ ಎಂದು ಎಣಿಸಿದೆ.

ಒಂಬತ್ತನೆಯ ದಿನ ಮಗುವನ್ನೂ ಎಣ್ಣೆಯ ಗಿಂಡಿಯನ್ನೂ ತಂದು ನನ್ನ ಮುಂದಿಟ್ಟಳು. "ಕಿವಿಗೆ ನೀರು ಹೋಗ್ತದೆ, ನಂಗೆ ಆಗೂದಿಲ್ಲ. ನೀನೇ ಮೀಯಿಸು." ನಾನು ಕೈ ಚಾಚಿದೆ. "ಎಣ್ಣೆ ಎಷ್ಟು ಹಚ್ಚೂದು ಅಂತ ನಾ ಹೇಳ್ತೆ," ಎಂದಳು.

"ನೀ ಹೇಳಿದಷ್ಟೇ," ಎಂದೆ. ಗಿಂಡಿಯಲ್ಲಿ ಬೆರಳು ಅದ್ದಿ ಅವಳ ಮುಖ ನೋಡಿದೆ. ತಲೆ ಆಡಿಸಿದಳು. ಆಮೇಲೆ ಹಚ್ಚಿದೆ.

ಆಮೇಲಿನದು ಕಾಯುವ ಕೆಲಸ. ನಮ್ಮ ಓಣಿಯಲ್ಲಿ ಅದೇ ತಿಂಗಳು ಹುಟ್ಟಿದ ಇನ್ನೊಂದು ಮಗು ಏಳನೆಯ ತಿಂಗಳಿಗೆ ಕೂತಿತು. ಅವನಿ ಕೂರಲಿಲ್ಲ. ಕೂರಿಸಿದರೆ ಅಕ್ಕಿಚೀಲದ ಹಾಗೆ ಬದಿಗೆ ವಾಲುತ್ತಿದ್ದಳು. ಆ ಮನೆಯವರು "ನಮ್ಮದು ಕೂತಾಯ್ತು" ಎಂದಾಗಲೆಲ್ಲ ನನ್ನ ಕಿವಿಯಲ್ಲಿ ಆ ಮಿಷನ್ನು ಟುಂಯ್ ಟುಂಯ್ ಎನ್ನುತ್ತಿತ್ತು. ಧಾರವಾಡದ ಡಾಕ್ಟರು, "ಬೇಗ ಹುಟ್ಟಿದ ದಿನ ಕಳದು ಎಣಸ್ರಿ ಅಜ್ಜಿ, ಇಕಿ ಇನ್ನೂ ಸಣ್ಣಾಕಿ," ಎಂದಳು. ಒಂಬತ್ತನೆಯ ತಿಂಗಳಲ್ಲಿ ಒಂದು ದಿನ ನಾನು ಮೀನು ಕೊಯ್ಯುತ್ತಿದ್ದಾಗ ಚಾಪೆಯ ಮೇಲೆ ತಾನಾಗಿ ಎದ್ದು ಕೂತು ಬೆಕ್ಕನ್ನು ನೋಡುತ್ತಿದ್ದಳು. ಕೈ ತೊಳೆದು ಬಂದು ದೇವಿಯ ಮುಂದೆ ಒಂದು ದಾಸವಾಳ ಇಟ್ಟೆ. ಒಂದಕ್ಕೆ ಒಂದೇ ಹೂವು. ಹೆಚ್ಚು ಇಟ್ಟರೆ ಹೆಚ್ಚು ಕೇಳಿದ ಹಾಗಾಗುತ್ತದೆ. ನಡೆದಾಗ ಒಂದು. ಸಿಹಿಗೆ "ಶೀ" ಎಂದು ಬೆಲ್ಲ ತೋರಿಸಿದಾಗ ಒಂದು. ಒಂದೂವರೆ ವರ್ಷಕ್ಕೆ ಡಾಕ್ಟರು ಮರದ ಗುಂಡು, ಚಿತ್ರದ ಪುಸ್ತಕ ಎಲ್ಲ ಕೊಟ್ಟು ನೋಡಿ, ಕಾಗದದ ಮೇಲೆ ಗೆರೆ ಎಳೆದು, "ಇನ್ನ ಬಹುಶಃ ಅನ್ನೂದು ಬ್ಯಾಡ ಅಜ್ಜಿ" ಎಂದಾಗ ಒಂದು.

ಈ ಆಯುಧಪೂಜೆಗೆ ಅವನಿ ಸದಾಶಿವಗಡದಿಂದ ಬಂದಿದ್ದಳು. ಈಗ ಮೂರು ವರ್ಷ ದಾಟಿದೆ, ಅಂಗನವಾಡಿಗೆ ಹೋಗುತ್ತಾಳೆ. ಕ್ಲಿಪ್ಪನ್ನು ಒರೆಸಿ, ಹೊಸ ಸೆಲ್ಲು ಹಾಕಿ, ಸಾಲಿನಲ್ಲಿ ಇಡುವಷ್ಟರಲ್ಲಿ ಕಸಿದುಕೊಂಡಳು.

"ಇದು ಎಂತದು ಅಜ್ಜಿ?"

"ನಿನ್ನ ಅಜ್ಜನ ಮಿಷನ್ನು."

"ನಿಂಗೆ ಹಾಕ್ತೆ." ನನ್ನ ತೋರುಬೆರಳನ್ನು ಹಿಡಿದು ಸಿಕ್ಕಿಸಿದಳು. ಕೆಂಪು ದೀಪ ಹತ್ತಿತು. ಮೂಗು ತಾಗುವಷ್ಟು ಹತ್ತಿರ ಬಾಗಿ ನೋಡಿದಳು. "ಒಂಬತ್ತು," ಎಂದಳು. ನಿಂತು, ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿ, "ಆರು!"

"ಹೌದೇ. ತೊಂಬತ್ತಾರು," ಎಂದೆ. ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದ ಶುಭಾ ತಿರುಗಿ ನನ್ನನ್ನು ನೋಡಿದಳು.

"ನೂರು ಬರೂದಿಲ್ವಾ?" ಅಂಗನವಾಡಿಯಲ್ಲಿ ನೂರು ಎಂದರೆ ಎಲ್ಲಕ್ಕಿಂತ ದೊಡ್ಡದು ಎಂದು ಕಲಿಸಿದ್ದಾರೆ.

"ಬೇಡ ಮಗಾ. ಇಷ್ಟು ಸಾಕು."

ಶುಭಾ ಕುಂಕುಮದ ಬಟ್ಟಲನ್ನು ತಂದು ಮಗಳ ಮುಂದೆ ಹಿಡಿದು, "ಒಂದೇ ಬೊಟ್ಟು ಇಡು ನೋಡ್ವಾ," ಎಂದಳು. ಅವನಿ ಬೆರಳು ಅದ್ದಿ, ನಾಲಿಗೆ ಕಚ್ಚಿಕೊಂಡು, ನಂಬರು ಕಾಣುವ ಗಾಜಿನ ಮೇಲೇ ಸರಿಯಾಗಿ ಒಂದು ದೊಡ್ಡ ಬೊಟ್ಟು ಇಟ್ಟಳು. ಒಂಬತ್ತೂ ಮುಚ್ಚಿತು, ಆರೂ ಮುಚ್ಚಿತು. ನಾನು ಒರೆಸಲು ಹೋಗಲಿಲ್ಲ. ಹಾಗೆಯೇ ಕತ್ತಿಯ ಪಕ್ಕದಲ್ಲಿಟ್ಟು ಆರತಿ ಬೆಳಗಿದೆ.